ನೆಲಗುಳ್ಳದ ಹುಳ

ನೆಲಗುಳ್ಳಕ್ಕೆ ಯಾರೂ ನೀರು ಹಾಕುವುದಿಲ್ಲ. ಹತ್ತಿಮತ್ತೂರಿನ ಎರೆಹೊಲಗಳ ಬದುವಿನಲ್ಲಿ, ಹಾಳುಬಿದ್ದ ಕಣಗಳಲ್ಲಿ, ಉಳಿದ ಹಸಿರೆಲ್ಲ ಒಣಗಿ ಹೋದ ಮೇಲೆ ಅದೊಂದು ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಎಲೆಯ ಮೇಲೂ ಮುಳ್ಳು, ಎಲೆಯ ಕೆಳಗೂ ಮುಳ್ಳು. ಬದನೆಯ ದಾಯಾದಿ ಅದು. ಹೂವು ಹಾಗೇ ನೀಲಿ, ಕಾಯಿ ಹಾಗೇ ಪಟ್ಟೆಪಟ್ಟೆ, ಆದರೆ ಗಾತ್ರ ಗೋಲಿಯಷ್ಟು. ಹಣ್ಣಾದರೆ ಹಳದಿ. ಹಸಿದ ಆಡು ತಪ್ಪಿ ಆ ಹಣ್ಣು ತಿಂದರೆ ನೊರೆ ಕಾರಿ ಮಲಗುತ್ತದೆ. ಇಂಥ ವಿಷದ ಗಿಡಕ್ಕೆ ಮಂದಿ ಔಷಧಿ ಎಂದು ಹೆಸರಿಟ್ಟಿದ್ದರು. ಕೆಮ್ಮಿಗೆ ಅದರ ಬೇರಿನ ಕಷಾಯ, ಹಲ್ಲುನೋವಿಗೆ ಅದರ ಬೀಜದ ಹೊಗೆ. ಸವಣೂರು ಸೀಮೆಯಲ್ಲಿ ಆ ಹೊಗೆ ಹಾಕುವವಳೆಂದರೆ ಹೊಳೆವ್ವ.

ಹೊಳೆವ್ವ ಹತ್ತಿಮತ್ತೂರಿನ ಮಗಳು, ಮಾಸೂರಿನ ಸೊಸೆ. ಮದಗದ ಕೆರೆಯ ನೀರುಣ್ಣುವ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಹಚ್ಚಿದ್ದೇ ಅವಳ ಸಂಸಾರ. ಮಕ್ಕಳಾಗಲಿಲ್ಲ. ಗಂಡ ಎರಡನೆಯವಳನ್ನು ತಂದ. ತಂದವನು ಅವಳ ಹಾಸಿಗೆ ಸುತ್ತಿ ಕಟ್ಟೆಯ ಮೇಲಿಟ್ಟ, ಅಷ್ಟೇ. ಆ ಮನೆಯಲ್ಲಿ ಅವಳಿಗಾಗಿ ಕಣ್ಣೀರು ಹಾಕಿದ ಜೀವವೆಂದರೆ ಅತ್ತೆ ಮುದಕವ್ವ. ಹೊರಡುವ ದಿನ ಮುದಕವ್ವ ಸೊಸೆಯನ್ನು ಹಿತ್ತಲಿಗೆ ಕರೆದು ಒಂದು ಬಟ್ಟೆಗಂಟು ಕೈಗಿಟ್ಟಳು. ಒಳಗೆ ಒಣಗಿದ ನೆಲಗುಳ್ಳದ ಹಣ್ಣು, ಒಂದು ಗೇಣುದ್ದ ಬಿದಿರಿನ ಕೊಳವೆ.

"ಹೊಲ ಕೊಡೂಣಂದ್ರ ಅದು ನನ್ನ ಹೆಸರಿನ್ಯಾಗಿಲ್ಲ. ಬಂಗಾರ ಕೊಡೂಣಂದ್ರ ನನ್ನ ಮೈಮ್ಯಾಲಿಲ್ಲ. ನನ್ನ ಹಂತೇಕ ಇದೊಂದು ವಿದ್ಯಾ ಐತಿ, ತೊಗೊಂಡು ಹೋಗವಾ. ಇದಕ್ಕ ರೊಕ್ಕ ಮುಟ್ಟಬ್ಯಾಡ, ಗುಣ ಹೋಗ್ತೈತಿ. ಇನ್ನೊಂದು ಮಾತು, ಇದನ್ನ ಮಾತ್ರ ಮರೀಬ್ಯಾಡ. ಎದುರಿಗೆ ಮಂದಿ ಇಲ್ಲದಾಗ ಬೀಜಾ ಸುಡಬ್ಯಾಡ. ಹೊಗಿಗೆ ಬಾಯಿ ಸಿಗಲಿಲ್ಲಂದ್ರ ಹುಳ ಬಂದು ಸುಡಾಕಿ ಹಲ್ಲಿಗೇ ಕೂಡ್ತಾವ."

ಹೊಳೆವ್ವ ಆ ಗಂಟನ್ನು ಉಡಿಯಲ್ಲಿ ಕಟ್ಟಿಕೊಂಡು ತವರಿಗೆ ಬಂದಳು. ಅದು ಎಪ್ಪತ್ತೊಂದನೆಯ ಇಸವಿ.

ತವರಿನಲ್ಲಿ ಅಪ್ಪ ಅವ್ವ ಇರಲಿಲ್ಲ. ಮನೆ ಅಣ್ಣ ಗುತ್ತೆಪ್ಪನದು, ಮನೆಯ ಮಾತು ಅವನ ಹೆಂಡತಿ ಯಂಕವ್ವನದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ಯಂಕವ್ವ ದಿನಕ್ಕೊಮ್ಮೆಯಾದರೂ ಗೋಡೆಗೆ ಹೇಳುತ್ತಿದ್ದಳು; ಗೋಡೆಯ ಆಚೆ ನಾದಿನಿ ಇರುತ್ತಿದ್ದಳು. ಹೊಳೆವ್ವನ ಹಾಸಿಗೆ ಬಿದ್ದದ್ದು ದನದ ಕೊಟ್ಟಿಗೆಯ ಮೂಲೆಯಲ್ಲಿ. ಎಲ್ಲರದೂ ಊಟವಾದ ಮೇಲೆ ಅವಳ ಊಟ, ಎಲ್ಲರೂ ಏಳುವ ಮೊದಲೇ ಅವಳ ದುಡಿತ. ಗುತ್ತೆಪ್ಪ ಕೆಟ್ಟವನಲ್ಲ. ಆದರೆ ಹೆಂಡತಿಯ ಬಾಯಿಗೆ ಅಂಜುವ ಗಂಡಸಿನ ಒಳ್ಳೆಯತನ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ.

ವಿದ್ಯೆ ಮೊದಲು ಕೈ ಹಿಡಿದದ್ದು ಓಣಿಯಲ್ಲಿ. ಪಕ್ಕದ ಮನೆಯವನೊಬ್ಬ ದವಡೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. ಹೊಳೆವ್ವ ಕಟ್ಟೆಯ ಮೇಲೆ ಕುಳಿತು, ಗಂಗಾಳಕ್ಕೆ ನೀರು ಹಾಕಿ, ಅದರ ನಡುವೆ ಕಲ್ಲಿಟ್ಟು ಅದರ ಮೇಲೆ ಕೆಂಪಗೆ ಕಾಯಿಸಿದ ನೇಗಿಲ ಕುಳವನ್ನಿಟ್ಟಳು. ಎಣ್ಣೆಯಲ್ಲಿ ಕಲಸಿದ ನೆಲಗುಳ್ಳದ ಬೀಜವನ್ನು ಅದರ ಮೇಲೆ ಚೆಲ್ಲಿದಳು. ಚಟಚಟ ಎಂದಿತು. ಕೂಡಲೇ ತಳಕ್ಕೆ ತೂತು ಕೊರೆದ ಮಡಕೆಯನ್ನು ಬೋರಲು ಹಾಕಿ, ತೂತಿಗೆ ಬಿದಿರಿನ ಕೊಳವೆ ಚುಚ್ಚಿ, ಅದರ ತುದಿಯನ್ನು ಅವನ ಬಾಯಿಗೆ ಕೊಟ್ಟಳು. ಅವನು ಹೊಗೆ ಎಳೆದ, ಕೆಮ್ಮಿದ, ಜೊಲ್ಲು ಸುರಿಸಿದ. ಹೊಗೆ ತೀರಿದ ಮೇಲೆ ಹೊಳೆವ್ವ ಮಡಕೆ ಎತ್ತಿದಳು. ಗಂಗಾಳದ ನೀರಿನಲ್ಲಿ ಬಿಳಿ ಬಿಳಿ ಹುಳ, ಸುರುಳಿ ಸುತ್ತಿಕೊಂಡು, ಅಕ್ಕಿಯ ನುಚ್ಚಿಗಿಂತ ಸಣ್ಣವು, ತೇಲುತ್ತಿದ್ದವು. ನೀರು ಅಲುಗಿದಂತೆ ಅವೂ ಅಲುಗಿದವು.

"ಬಿದ್ದಾವ ನೋಡ್ರಿ," ಎಂದಳು ಹೊಳೆವ್ವ. ಹಲ್ಲು ಕೊರೆಯುವ ಹುಳ ಕೊಳವೆಯ ದಾರಿಯಿಂದ ಇಳಿದು ನೀರಿಗೆ ಬಿದ್ದವು ಎಂಬುದು ಲೆಕ್ಕ. ನೋವು ನಿಜವಾಗಿಯೂ ಇಳಿದಿತ್ತು. ಆ ಹೊಗೆಗೆ ಬಾಯಿ ಮರಗಟ್ಟಿಸುವ ಗುಣವಿದೆ, ತಲೆಯೂ ಒಂದಿಷ್ಟು ತಿರುಗುತ್ತದೆ. ಮೇಲಾಗಿ ಹಲ್ಲುನೋವು ಬಂದ ನೆಂಟನಂತೆ, ಬರುವಾಗ ಕೇಳಿ ಬರುವುದಿಲ್ಲ, ಹೋಗುವಾಗ ಹೇಳಿ ಹೋಗುವುದಿಲ್ಲ. ಆದರೆ ಕಣ್ಣ ಮುಂದೆ ಹುಳ ತೇಲುತ್ತಿರುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯೇನೋ ಇದೆ. ಗಾದೆ ಹೇಳುವವರಿಗೆ ಹಲ್ಲುನೋವು ಇರುವುದಿಲ್ಲ.

ಹೆಸರು ಹಬ್ಬಿತು. ಶಿಗ್ಗಾವಿಯಿಂದ ಗಾಡಿ ಕಟ್ಟಿಕೊಂಡು ಬಂದರು, ಹಾನಗಲ್ಲಿನಿಂದ ಬಸ್ಸು ಹತ್ತಿ ಬಂದರು, ಯಲವಿಗಿಯಲ್ಲಿ ರೈಲು ಇಳಿದು ಕೆನ್ನೆಗೆ ವಸ್ತ್ರ ಕಟ್ಟಿಕೊಂಡು ನಡೆದು ಬಂದರು. ಬಂದವರು ತೆಂಗಿನಕಾಯಿ ಇಟ್ಟು "ಹೊಳೆವ್ವಾರ" ಎಂದು ಕರೆಯುತ್ತಿದ್ದರು. ಕೊಟ್ಟಿಗೆಯಲ್ಲಿ ಮಲಗುವವಳಿಗೆ ಆ ಒಂದು 'ರ' ಎಷ್ಟು ಹಿತವಾಗಿತ್ತು ಎಂಬುದು ಕೊಟ್ಟಿಗೆಯಲ್ಲಿ ಮಲಗಿದವರಿಗೇ ಗೊತ್ತು. ಹೊಗೆ ಕುಡಿದು ಅವಳ ಕಣ್ಣು ಸದಾ ಕೆಂಪಗಿರುತ್ತಿದ್ದವು, ಚಳಿಗಾಲದಲ್ಲಿ ಉಬ್ಬಸ ಬರುತ್ತಿತ್ತು. ಅವಳು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಮನೆಯೊಳಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಯಂಕವ್ವ ಕಾಯಿಗಳನ್ನು ಒಳಗಿಟ್ಟುಕೊಳ್ಳುತ್ತಿದ್ದಳು, ಹುಳವನ್ನು ನೋಡಿ ಮೂಗು ಮುರಿಯುತ್ತಿದ್ದಳು. ಗುತ್ತೆಪ್ಪ ಗೆಳೆಯರ ಮುಂದೆ ತಂಗಿಯನ್ನು 'ನಮ್ಮ ಹುಳದ ಸಾವಕಾರ್ತಿ' ಎಂದು ಚೇಷ್ಟೆ ಮಾಡುತ್ತಿದ್ದ. ಹೀಗೇ ಹತ್ತು ವರ್ಷ ಕಳೆದವು.

ಎಂಬತ್ತೆರಡರ ಮುಂಗಾರಿನಲ್ಲಿ ಗುತ್ತೆಪ್ಪನ ಎಡದವಡೆ ನೋಯತೊಡಗಿತು. ಅವನು ಎಚ್ಚರವಿದ್ದಷ್ಟು ಹೊತ್ತೂ ತಂಬಾಕು ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಒತ್ತರಿಸುವ ಮನುಷ್ಯ. ಮೊದಲು ಲವಂಗ ಕಚ್ಚಿದ, ಆಮೇಲೆ ಉಪ್ಪುನೀರು ಮುಕ್ಕಳಿಸಿದ, ಕಡೆಗೆ ಒಂದು ಮುಂಜಾನೆ ಕಟ್ಟೆಗೆ ಬಂದು ಹೊರಗಿನವರ ಸಾಲಿನಲ್ಲೇ ಕುಳಿತ.

"ತಂಗೀ, ನಂದೊಂದೀಟು ನೋಡವಾ. ಜೀವಾ ಹೋಗಾಕತ್ತೇತಿ," ಎಂದ.

ಹೊಳೆವ್ವನಿಗೆ ಅಣ್ಣನ ನೋವು ಕಂಡು ಮರುಕ ಹುಟ್ಟಿತು. ಆದರೆ ಅದರ ಬೆನ್ನಿಗೇ ಬಂದ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. ಅಣ್ಣ ತನ್ನ ಮುಂದೆ ಬಾಯಿ ತೆರೆದು ಕುಳಿತಿದ್ದಾನೆ! ಹೊಗೆ ಹಾಕಿದಳು, ಮಡಕೆ ಎತ್ತಿದಳು. ಗುತ್ತೆಪ್ಪ ಬಗ್ಗಿ ನೋಡಿ ಬೆಚ್ಚಿಬಿದ್ದ. "ಎಲಾ ಇದರ! ಇಷ್ಟೆಲ್ಲಾ ನನ್ನ ಹಲ್ಲಿನ್ಯಾಗ ಇದ್ದವೇನು?" ಅಂದು ರಾತ್ರಿ ಅವನಿಗೆ ನಿದ್ದೆ ಹತ್ತಿತು.

ಮರುದಿನ ಊಟಕ್ಕೆ ಕುಳಿತಾಗ ಅವನು ಹೆಂಡತಿಗೆ ಹೇಳಿದ: "ಹೊಳೆವ್ವಗೂ ಇಲ್ಲೇ ಗಂಗಾಳಾ ಇಡು. ಇನ್ನ ಮ್ಯಾಲೆ ಆಕಿ ಪಡಸಾಲ್ಯಾಗ ಮಲಗ್ಲಿ. ದನದ ಮನ್ಯಾಗ ಮಲಗಾಕ ಆಕಿ ಏನ್ ಆಳಲ್ಲ." ಯಂಕವ್ವ ಹಲ್ಲು ಕಚ್ಚಿಕೊಂಡು ಬಡಿಸಿದಳು. ಹನ್ನೊಂದು ವರ್ಷಕ್ಕೆ ಹೊಳೆವ್ವ ತವರುಮನೆಯ ಒಳಗೆ ಬಂದಳು. ಇನ್ನು ಆ ಪಡಸಾಲೆಯ ಜಾಗವೇ ಅವಳ ಆಸ್ತಿ. ಅದು ನಿಂತಿದ್ದುದು ಗಂಗಾಳದ ಹುಳದ ಮೇಲೆ.

ಗುತ್ತೆಪ್ಪನ ನೋವು ಹೋಯಿತು, ಮತ್ತೆ ಬಂತು. ಅಮಾವಾಸ್ಯೆಗೊಮ್ಮೆ ಹೊಗೆ ಹಾಕಿಸಿಕೊಳ್ಳುವುದು ರೂಢಿಯಾಯಿತು. ಪ್ರತಿ ಸಲವೂ ಹುಳ ಬಿದ್ದವು. "ಭಾಳ ಮರಿ ಹಾಕ್ಯಾವ, ಬುಡಾ ಸಿಗವಲ್ದು," ಎಂದು ಹೊಳೆವ್ವ ಮನಸಾರೆ ನಂಬಿ ಹೇಳುತ್ತಿದ್ದಳು. ಕೆನ್ನೆಯ ಒಳಗೊಂದು ಬಿಳಿ ಹುಣ್ಣು ಎದ್ದಿತ್ತು. ಅದನ್ನು ಹುಳ ಕೊರೆದ ಗಾಯ ಎಂದುಕೊಂಡರು.

ಹೀಗಿರುವಾಗ ಒಂದು ದಿನ ಸವಣೂರಿನ ಬಳೆಗಾರ್ತಿ ಹುಸೇನಬಿ ತನ್ನ ಮಗಳು ನಸೀರಾಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಮದುವೆ ಗೊತ್ತಾಗಿತ್ತು, ನಿಕಾಹ್ ಹತ್ತಿರವಿರುವಾಗ ದವಡೆ ಬಾತಿತ್ತು. ಹೊಳೆವ್ವ ಬೀಜ ಚೆಲ್ಲಿ ಮಡಕೆ ಬೋರಲು ಹಾಕಿದಳು. ಕೊಳವೆಯಿಂದ ಕರ್ರಗಿನ ಹೊಗೆ ಎದ್ದದ್ದೇ ತಡ, ನಸೀರಾ "ಅಮ್ಮಾ, ನಾ ಒಲ್ಲೆ!" ಎಂದು ಚೀರಿ ಎದ್ದು ಓಡಿದಳು. ಹುಸೇನಬಿ ಬಳೆಯ ಮಲಾರ ಬಿಟ್ಟು ಅವಳ ಹಿಂದೆ ಓಡಿದಳು. ಹೊಳೆವ್ವನೂ ಓಣಿಯ ತಿರುವಿನವರೆಗೆ ಹೋಗಿ ಕರೆದು, ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಹಿಂದಿರುಗಿದಳು. ಕುಳ ಆರಿತ್ತು. ನೀರು ಚೆಲ್ಲೋಣವೆಂದು ಮಡಕೆ ಎತ್ತಿದಳು.

ಹುಳ ತೇಲುತ್ತಿದ್ದವು.

ಕೊಳವೆಗೆ ಯಾರೂ ಬಾಯಿ ಹಚ್ಚಿರಲಿಲ್ಲ. ಹೊಳೆವ್ವನಿಗೆ ಮೊದಲು ನೆನಪಾದದ್ದು ಅತ್ತೆಯ ಮಾತು. ಅಂಜಿ ನಾಲಿಗೆಯಿಂದ ತನ್ನ ಒಂದೊಂದು ಹಲ್ಲನ್ನೂ ಸವರಿ ನೋಡಿಕೊಂಡಳು. ಹುಳ ತನಗೇ ಹತ್ತಿದವೆಂದು ದಿನವೂ ನೋವಿನ ದಾರಿ ಕಾದಳು. ನೋವು ಬರಲಿಲ್ಲ. ಎಲ್ಲ ಹಲ್ಲೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಆಗ ಹುಟ್ಟಿದ ಸಂಶಯ ಅವಳನ್ನು ಬಿಡಲಿಲ್ಲ. ಹೊಲದ ಗುಡಿಸಲಿಗೆ ಹೋಗಿ, ಒಬ್ಬಳೇ ಬೆಂಕಿ ಮಾಡಿ, ಒಬ್ಬಳೇ ಬೀಜ ಸುಟ್ಟಳು. ಹುಳ ಬಿದ್ದವು. ನೆನೆಹಾಕಿದ ಬೀಜವೊಂದನ್ನು ಸೂಜಿಯಿಂದ ಸೀಳಿದಳು. ಸಿಪ್ಪೆಯೊಳಗೆ, ಬಿಳಿಯದೊಂದು ಎಳೆಮೊಳಕೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಕಾವಿಗೆ ಬೀಜ ಸಿಡಿದು ಆ ಮೊಳಕೆಗಳೇ ನೀರಿಗೆ ಹಾರಿ ಬೀಳುತ್ತಿದ್ದವು. ಇಷ್ಟು ವರ್ಷ ಅವಳು ಯಾರ ಹಲ್ಲಿನಿಂದಲೂ ಏನನ್ನೂ ತೆಗೆದಿರಲಿಲ್ಲ.

ಹೊಳೆವ್ವ ಗುಡಿಸಲಿನಲ್ಲಿ ಕುಳಿತು ಅತ್ತಳು. ನಾಚಿಕೆಯಾಗಿತ್ತು, ಅದಕ್ಕಿಂತ ಸಿಟ್ಟು ಬಂದಿತ್ತು. ಮುದಕವ್ವನಿಗೆ ಇದು ಗೊತ್ತಿತ್ತೇ? ಒಬ್ಬಳೇ ಸುಡಬೇಡ ಎಂದದ್ದು ಹುಳದ ಅಂಜಿಕೆಯಿಂದಲೋ, ಗುಟ್ಟು ರಟ್ಟಾಗುವ ಅಂಜಿಕೆಯಿಂದಲೋ? ಕೇಳೋಣವೆಂದರೆ ಮುದಕವ್ವ ಎಂದೋ ಮಣ್ಣಾಗಿದ್ದಳು. ಮನೆಬಿಟ್ಟು ಹೋಗುವ ಸೊಸೆಗೆ ಮರುಗಿ ಕೊಟ್ಟದ್ದು ಸುಳ್ಳೋ, ಆ ಮುದುಕಿಯೂ ತನ್ನಂತೆಯೇ ಮೋಸಹೋದವಳೋ ಎಂಬುದು ಹೊಳೆವ್ವನಿಗೆ ಕಡೆಯವರೆಗೂ ತಿಳಿಯಲಿಲ್ಲ.

ಅಂದೇ ಹೋಗಿ ಅಣ್ಣನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ಪಡಸಾಲೆಯ ಹಾಸಿಗೆ ಮತ್ತೆ ಕೊಟ್ಟಿಗೆಗೆ. ಹೊಳೆವ್ವಾರು ಹೋಗಿ ಬರೀ ಹೊಳಿ ಉಳಿಯುತ್ತಾಳೆ. ನಲವತ್ತು ದಾಟಿದ ಹೆಣ್ಣು, ಗಂಡನ ಮನೆ ಮುಗಿದಿದೆ, ಇನ್ನೊಂದು ತವರು ಎಲ್ಲಿಂದ ತರಬೇಕು? ನಾಳೆ ಹೇಳಿದರಾಯಿತು ಎಂದುಕೊಂಡಳು. ಹತ್ತಿ ಬಿಡಿಸುವ ಸುಗ್ಗಿ ಬಂತು, ಹತ್ತಿ ಬಿಡಿಸಿ ಮುಗಿಯಿತು, ನಾಳೆ ಬರಲಿಲ್ಲ. ಅಮಾವಾಸ್ಯೆಗೆ ಅಣ್ಣ ಬಂದು ಕುಳಿತಾಗ ಹೊಗೆ ಹಾಕಿ "ಬಿದ್ದಾವಣ್ಣಾ" ಎಂದಳು. ಮಾತು ಹಳೆಯದೇ. ಆದರೆ ಈಗ ಅದನ್ನು ಆಡಿದ ಮೇಲೆ ಅವಳು ತನ್ನ ಪಾಲಿನ ರೊಟ್ಟಿಯನ್ನು ದನಕ್ಕೆ ಹಾಕುತ್ತಿದ್ದಳು.

ನಸೀರಾಳ ಮದುವೆ ಮುಗಿಸಿಕೊಂಡು ಹುಸೇನಬಿ ಮತ್ತೆ ಬಳೆ ಹೊತ್ತು ಬಂದಳು. ಕಟ್ಟೆಯ ಮೇಲೆ ಕುಳಿತಿದ್ದ ಗುತ್ತೆಪ್ಪನ ಮುಖ ನೋಡಿ ಅವಳು ಹೊತ್ತದ್ದನ್ನು ಕೆಳಗಿಟ್ಟಳು. ಕೆನ್ನೆ ಹೊರಗೆ ಗಡ್ಡೆಕಟ್ಟಿತ್ತು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ, ಹತ್ತಿರ ಹೋದರೆ ನಾತ. ಹುಸೇನಬಿ ಹೊಳೆವ್ವನನ್ನು ಬಾಗಿಲ ಮರೆಗೆ ಕರೆದಳು.

"ಬೇ ಹೊಳೆವ್ವಾ, ಇದು ಹುಳದ ಬ್ಯಾನಿ ಅಲ್ಲ. ನಮ್ಮ ಮಾಮೂಗೂ ಹಿಂಗ ಆಗಿತ್ತ. ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಒಯ್ರಿ. ತಡಾ ಮಾಡಬ್ಯಾಡ್ರಿ, ಅಲ್ಲಾನ ಆಣಿ."

ಅಂದು ಸಂಜೆ ಹೊಳೆವ್ವ ಧೈರ್ಯ ಮಾಡಿದಳು. ಅಣ್ಣ, ಅತ್ತಿಗೆ ಇಬ್ಬರೂ ಪಡಸಾಲೆಯಲ್ಲಿದ್ದರು.

"ಅಣ್ಣಾ, ಹುಳ ಇಲ್ಲ. ಮೊದಲಿಂದನೂ ಇಲ್ಲ. ಅವು ಬೀಜದೊಳಗಿನ ಮೊಳಕಿ. ನನಗ ಗೊತ್ತಿರಲಿಲ್ಲ. ಸುಗ್ಗಿ ಮುಂದ ಗೊತ್ತಾತು, ಆದ್ರೂ ಹೇಳಲಿಲ್ಲ, ತಪ್ಪಾತು. ನಾಳೆ ಯಲವಿಗಿಗೆ ಹೋಗಿ ಗಾಡಿ ಹತ್ತೂಣು, ಹುಬ್ಬಳ್ಳಿಗೆ ತೋರಸೂಣು."

ಗುತ್ತೆಪ್ಪ ಅವಳನ್ನೇ ನೋಡಿದ. "ನಾ ಕಣ್ಣಾರೆ ನೋಡೇನಿ," ಎಂದ. ಮಾತು ತೊದಲಾಗಿ ಬರುತ್ತಿತ್ತು. "ನಿನ್ನ ಕೈಗುಣದಾಗ ನಾ ಇಷ್ಟು ದಿನಾ ಬದಕೇನಿ."

ಯಂಕವ್ವ ಮಾತ್ರ ಸೆಟೆದು ಕುಳಿತಳು. "ಮಾಡಿ ಮಾಡಿ ಸಾಕಾತೇನು? ಒಡಹುಟ್ಟಿದವನಿಗೆ ಹೊಗಿ ಹಾಕಾಕ ಕೈ ನೋಯ್ತಾವ, ಊರ ಮಂದಿಗೆ ನೋಯೂದಿಲ್ಲ. ದನದ ಮನ್ಯಾಗ ಇಟ್ಟಿದ್ದಕ್ಕ ಈಗ ಸೇಡು ತೀರಿಸ್ಕೊಳ್ಳಾಕತ್ತಿ."

ಬಾಯಿಯ ಮಾತಿಗೆ ಬೆಲೆಯಿಲ್ಲವಾದರೆ ತೋರಿಸಿಯೇ ಬಿಡುತ್ತೇನೆ ಎಂದು ಹೊಳೆವ್ವ ಎದ್ದಳು. ಅಲ್ಲೇ ಅವರಿಬ್ಬರ ಕಣ್ಣೆದುರು ಕುಳ ಕಾಯಿಸಿ, ಬೀಜ ಚೆಲ್ಲಿ, ಮಡಕೆ ಬೋರಲು ಹಾಕಿದಳು. ಕೊಳವೆಯನ್ನು ಯಾರ ಬಾಯಿಗೂ ಕೊಡಲಿಲ್ಲ. ಗುತ್ತೆಪ್ಪ ಗೋಡೆಗೊರಗಿ ದೂರ ಕುಳಿತಿದ್ದ. ಮೂವರೂ ಹೊಗೆಯನ್ನೇ ನೋಡುತ್ತಿದ್ದರು. ಹೊಗೆ ನಿಂತಿತು. ಹೊಳೆವ್ವ ಮಡಕೆ ಎತ್ತಿ ಗಂಗಾಳವನ್ನು ಅಣ್ಣನ ಮುಂದೆ ಸರಿಸಿದಳು.

"ನೋಡಣ್ಣಾ. ನೀ ಬಾಯಿ ಹಚ್ಚಿಲ್ಲ. ಯಾರೂ ಹಚ್ಚಿಲ್ಲ. ಆದ್ರೂ ಬಿದ್ದಾವು. ಈಗರ ನಂಬ್ತೀಯಿಲ್ಲೋ?"

ಗುತ್ತೆಪ್ಪ ಬಗ್ಗಿ ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿ ಬಂದವು. ಎರಡೂ ಕೈ ಎತ್ತಿ ತಂಗಿಗೆ ಮುಗಿದ.

"ಯವ್ವಾ, ಬಾಯಿ ಹಚ್ಚದ ಬಂದಾವಲ್ಲ! ಅಲ್ಲಿ ಕುಂತ ನನ್ನ ಹಲ್ಲಿನಿಂದ ಇಲ್ಲಿಗೆ ಎಳಕೊಂಡೀಯಲ್ಲ! ಈಗ ನೋಡು, ನೋವು ಹಗುರಾಗಾಕತ್ತೇತಿ." ಯಂಕವ್ವನೂ ಸೆರಗು ಹೊದ್ದು ಗಂಗಾಳಕ್ಕೆ ನಮಸ್ಕಾರ ಮಾಡಿದಳು.

ಹೊಳೆವ್ವ ತಲೆ ತಲೆ ಬಡಿದುಕೊಂಡಳು. ಇನ್ನು ಯಾರಿಗೆ ಏನು ತೋರಿಸುವುದು? ಮರುದಿನದಿಂದ ಬಾವಿಕಟ್ಟೆಯಲ್ಲಿ ಯಂಕವ್ವನದೇ ಸುದ್ದಿ: ನಮ್ಮ ನಾದಿನಿಗೆ ಈಗ ಕೊಳವೆ ಬೇಕಾಗಿಲ್ಲ, ದೂರ ಕುಂತವರ ಹುಳಾನೂ ಬೀಳ್ತಾವ. ಆ ವಾರ ಕಟ್ಟೆಯ ಮುಂದೆ ಬಂದಷ್ಟು ಮಂದಿ ಹಿಂದೆಂದೂ ಬಂದಿರಲಿಲ್ಲ. ಹೊಳೆವ್ವ ಅವರನ್ನೆಲ್ಲ ತಿರುಗಿ ಕಳಿಸಿದಳು. ಕಳಿಸಿದಷ್ಟೂ ಬಂದರು. ಒಲ್ಲೆನೆನ್ನುವವಳ ಕೈಗುಣ ಇನ್ನೂ ದೊಡ್ಡದು ಎಂದು ಮಂದಿ ಮಾತಾಡಿಕೊಂಡರು.

ಗುತ್ತೆಪ್ಪ ಹುಬ್ಬಳ್ಳಿಗೆ ಹೋಗಲು ಒಪ್ಪಿದ್ದು ನೀರೂ ಇಳಿಯದಂತಾದಾಗ. ಹೊಳೆವ್ವ, ಯಂಕವ್ವ ಇಬ್ಬರೂ ಆಚೀಚೆ ಹಿಡಿದುಕೊಂಡು ಯಲವಿಗಿಯಲ್ಲಿ ಗಾಡಿ ಹತ್ತಿಸಿದರು. ದವಾಖಾನೆಯ ಡಾಕ್ಟರು ಬ್ಯಾಟರಿ ಹಿಡಿದು ನೋಡಿ, ಕೈ ತೊಳೆದುಕೊಂಡು, ಇಬ್ಬರನ್ನೂ ಹೊರಗೆ ಕರೆದರು.

"ಇದು ಕ್ಯಾನ್ಸರ್. ಕುತ್ತಿಗೆಗೂ ಹಬ್ಬಿದೆ. ವರ್ಷದ ಹಿಂದೆ ಬಂದಿದ್ದರೆ ಕೊಯ್ದು ತೆಗೆಯಬಹುದಾಗಿತ್ತು. ಇಷ್ಟು ದಿನ ಏನು ಮಾಡುತ್ತಿದ್ದಿರಿ?"

ಯಂಕವ್ವ ನಾದಿನಿಯ ಕಡೆ ನೋಡಿದಳು. ಹೊಳೆವ್ವ ನೆಲ ನೋಡಿದಳು. ವರ್ಷದ ಹಿಂದೆ ಎಂದರೆ ಅವಳು ಇನ್ನೂ ಹುಳವನ್ನು ನಂಬಿದ್ದ ದಿನಗಳೋ, ತಿಳಿದೂ ಬಾಯಿ ಮುಚ್ಚಿಕೊಂಡಿದ್ದ ದಿನಗಳೋ? ಆ ಲೆಕ್ಕವನ್ನು ಅವಳು ಬದುಕಿರುವವರೆಗೂ ಹಾಕುತ್ತಲೇ ಇದ್ದಳು, ಒಂದು ದಿನವೂ ಅದು ಅವಳ ಪರವಾಗಿ ಬರಲಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಗುತ್ತೆಪ್ಪ ತೀರಿಕೊಂಡ. ಸಾಯುವ ವಾರದಲ್ಲೂ ಕೈಸನ್ನೆ ಮಾಡಿ ಹೊಗೆ ಹಾಕೆಂದು ಬೇಡಿಕೊಂಡ. ಹೊಳೆವ್ವ ಹಾಕಲಿಲ್ಲ, ಅವನ ಬಾಯಿಗೆ ಅರಿವೆಯಿಂದ ಹನಿಹನಿ ನೀರು ಹಿಂಡುತ್ತ ಕುಳಿತಳು. ಮಣ್ಣಿಗೆ ಬಂದವರ ಎದುರು ಯಂಕವ್ವ ಎದೆ ಬಡಿದುಕೊಂಡು ಅತ್ತಳು: "ಕೈಯಾಗ ಔಷಧ ಇಟ್ಕೊಂಡು ಕೊಡಲಿಲ್ಲರೀ! ಒಡಹುಟ್ಟಿದಾಕಿ, ಕಣ್ಣ ಮುಂದ ಸಾಯಾಕ ಬಿಟ್ಟಳ್ರೀ!" ಯಾರೂ ಹೊಳೆವ್ವನನ್ನು ಸಮಾಧಾನ ಮಾಡಲಿಲ್ಲ. ಅವಳು ಒಂದು ಕಡೆ ನಿಂತು ಒಬ್ಬಳೇ ಅತ್ತಳು. ಅವಳು ಸುಳ್ಳು ಹೇಳಿದ ತಪ್ಪಿಗೆ ಊರು ಅವಳನ್ನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಬೈದದ್ದು ಸುಳ್ಳು ಹೇಳುವುದನ್ನು ಬಿಟ್ಟದ್ದಕ್ಕೆ.

ದಿನಕರ್ಮ ಮುಗಿದ ಮೇಲೆ ಮನೆಯಲ್ಲಿ ಇಬ್ಬರೇ ಹೆಂಗಸರು. ಯಂಕವ್ವ ನಾದಿನಿಯನ್ನು ಹೊರಗೆ ಹಾಕಲಿಲ್ಲ, ಹೊಲದ ಕೆಲಸಕ್ಕೆ ಜನ ಬೇಕಿತ್ತು. ಹಾಸಿಗೆಯನ್ನು ಪಡಸಾಲೆಯಿಂದ ಎತ್ತಲೂ ಇಲ್ಲ. ಹೊಳೆವ್ವ ದಿನವೂ ಆ ಹಾಸಿಗೆಯ ಮೇಲೆ ಅಪ್ಪಣೆಗೆ ಕಾಯುವವಳಂತೆ ಮಲಗುತ್ತಿದ್ದಳು.

ಮಳೆ ಹಿಡಿದ ಒಂದು ಮುಂಜಾನೆ ಯಂಕವ್ವ ಕೆನ್ನೆ ಒತ್ತಿಹಿಡಿದು ಒಲೆಯ ಮುಂದೆ ಬಂದು ಕುಳಿತಳು. ಮುಖ ಒಂದು ಕಡೆ ಬಾತಿತ್ತು.

"ಹಲ್ಲು ಹಿಡದೈತಿ. ಹುಳ ತಗಿ," ಎಂದಳು.

"ಹುಳ ಇಲ್ಲ ಅತ್ತಿಗಿ. ನಿಮಗೂ ಗೊತ್ತೈತಿ, ಡಾಕ್ಟರೂ ಹೇಳ್ಯಾರ. ನಡೀರಿ, ಸವಣೂರ ದವಾಖಾನಿಗೆ ಹೋಗೂಣು. ನಾನೂ ಬರ್ತೇನಿ."

ಯಂಕವ್ವ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ಸಿಟ್ಟಿರಲಿಲ್ಲ, ಕೂಗಾಟವಿರಲಿಲ್ಲ. ಕೇಳಬೇಕಾದ್ದನ್ನು ಕೇಳುವವಳಂತೆ ಕೇಳಿದಳು.

"ಹುಳ ಇಲ್ಲಂದ್ರ, ಮತ್ತ ನೀ ಈ ಮನ್ಯಾಗ ಯಾಕ ಅದೀ?"

ಹೊಳೆವ್ವ ಕುಳವನ್ನು ಒಲೆಗೆ ತುರುಕಿದಳು. ಅದು ಕೆಂಪಾಗುವವರೆಗೆ ಊದಿದಳು. ಬೀಜ ಚೆಲ್ಲಿ, ಮಡಕೆ ಬೋರಲು ಹಾಕಿ, ಕೊಳವೆಯ ತುದಿಯನ್ನು ಅತ್ತಿಗೆಯ ಬಾಯಿಗೆ ಕೊಟ್ಟಳು. ಹೊಗೆ ತೀರಿದ ಮೇಲೆ ಮಡಕೆ ಎತ್ತಿದಳು.

"ಬಿದ್ದಾವ ನೋಡ್ರಿ," ಎಂದಳು.